ಕ್ಯಾನ್ಸಲ್ ಒತ್ತಿದ ಮೇಲೆ ಏನಾಗತ್ತೆ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಒಂದು ರೊಬೊಟಿಕ್ಸ್ ವರ್ಕ್‌ಶಾಪ್ ಇತ್ತು. ಸೀಟು 60. ರಿಜಿಸ್ಟ್ರೇಷನ್‌ಗೆ ರೆಡಿಮೇಡ್ ಫಾರ್ಮ್ ಯಾಕೆ, ನಾವೇ ಆ್ಯಪ್ ಮಾಡೋಣ ಅಂತ ನಾವು ಮೂರು ಜನ ಜಂಬದಿಂದ ಮುಂದೆ ಬಂದ್ವಿ. ಫ್ಲಾಸ್ಕ್‌ನಲ್ಲಿ ಒಂದು ಸರ್ವರ್, ಒಂದು ಡೇಟಾಬೇಸ್, ಫೋನಿನಲ್ಲಿ ತೆರೆಯೋ ಒಂದು ವೆಬ್ ಪೇಜ್, ಡೆಸ್ಕ್‌ನಲ್ಲಿ ಕೂರೋರಿಗೆ ಒಂದು ಪೈಥಾನ್ ಸ್ಕ್ರಿಪ್ಟ್. ಎರಡು ರಾತ್ರಿಯ ಕೆಲಸ. ಲಿಂಕ್ ಹಾಕಿದ ಇಪ್ಪತ್ತು ನಿಮಿಷಕ್ಕೆ ಹೌಸ್‌ಫುಲ್ ಅಂತ ಬಂತು. ಖುಷಿಯೋ ಖುಷಿ.

ವರ್ಕ್‌ಶಾಪ್ ದಿನ ನೋಡಿದ್ರೆ ಹಾಲ್‌ನಲ್ಲಿ 13 ಕುರ್ಚಿ ಖಾಲಿ. ಲಿಸ್ಟ್ ತೆಗೆದು ನೋಡಿದ್ವಿ. ಒಂಬತ್ತು ಜನರ ಹೆಸರು ಎರಡೆರಡು, ಮೂರ್ಮೂರು ಸಲ ಇತ್ತು. ಹಿಂದಿನ ದಿನ ಫಸ್ಟ್ ಇಯರ್‌ನ ಒಬ್ಬಳು ಡೆಸ್ಕ್‌ಗೆ ಬಂದು, "ಅಣ್ಣಾ, ಒಂದು ಸೀಟಾದ್ರೂ ಇದೆಯಾ?" ಅಂತ ಕೇಳಿದ್ದಳು. ಸ್ಕ್ರೀನ್ ತೋರಿಸಿ "ಇಲ್ಲಮ್ಮ, ಫುಲ್" ಅಂತ ವಾಪಸ್ ಕಳಿಸಿದ್ದು ನಾವೇ.

ಯಾರೂ ಬೇಕಂತ ಡಬಲ್ ಬುಕ್ ಮಾಡಿರಲಿಲ್ಲ. ಆ ಒಂಬತ್ತು ಜನರನ್ನ ಕೇಳಿದಾಗ ಎಲ್ಲರದ್ದೂ ಒಂದೇ ಮಾತು: "ಒತ್ತಿದ್ವಿ, ಸುತ್ತುತ್ತಾ ಇತ್ತು, ಆಮೇಲೆ 'ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ' ಅಂತ ಬಂತು, ಮತ್ತೆ ಒತ್ತಿದ್ವಿ." ಆ ಸಂದೇಶ ಬರೆದವರೂ ನಾವೇ. ಅದು ಸುಳ್ಳು ಹೇಳ್ತಿತ್ತು.

ಯಾಕೆ ಹಾಗಾಯ್ತು, ಅದನ್ನ ಮುಂಚೆನೇ ಹೇಗೆ ಟೆಸ್ಟ್ ಮಾಡಬಹುದಿತ್ತು ಅಂತ ಆಮೇಲೆ ಎರಡು ವಾರ ಕೂತು ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಟೆಕ್ನಿಕಲ್ ಪದಗಳನ್ನ ಹಾಗೇ ಬಿಟ್ಟಿದ್ದೀವಿ. ಬೇರೆ ತಪ್ಪಿದ್ರೆ ಕ್ಲಬ್‌ನವರು ತಿದ್ದಿರ್ತಾರೆ.

ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಮುರಿಯಬಹುದು?

ಕ್ಯಾಂಟೀನ್ ಉದಾಹರಣೆ ತಗೊಳ್ಳಿ. ಕೌಂಟರ್‌ನಲ್ಲಿ ನಿಂತು "ಒಂದು ಮಸಾಲೆ ದೋಸೆ" ಅಂತ ಕೂಗ್ತೀರ. ಐದು ನಿಮಿಷ ಆದ್ರೂ ಬರಲಿಲ್ಲ, ಬೇಜಾರಾಗಿ ಹೊರಟು ಹೋಗ್ತೀರ. ನಿಮ್ಮ ಕೂಗು ಒಳಗೆ ಕೇಳಿಸಿರಲೇ ಇಲ್ಲ ಅನ್ನೋದು ಒಂದು ಸಾಧ್ಯತೆ. ಕೇಳಿಸಿ, ದೋಸೆ ಈಗ ಕಾವಲಿ ಮೇಲಿದೆ ಅನ್ನೋದು ಇನ್ನೊಂದು. ದೋಸೆ ಆಗಿ ಕೌಂಟರ್ ಮೇಲೆ ಆರ್ತಾ ಇದೆ ಅನ್ನೋದು ಮೂರನೇದು. ಹೊರಗೆ ನಿಂತ ನಿಮಗೆ ಮೂರೂ ಒಂದೇ ಥರ ಕಾಣತ್ತೆ: ದೋಸೆ ಬರಲಿಲ್ಲ.

ಎಚ್‌ಟಿಟಿಪಿ ರಿಕ್ವೆಸ್ಟ್ ಕೂಡ ಹೀಗೇ. ಮೊದಲು ಕ್ಲೈಂಟ್ ಮತ್ತು ಸರ್ವರ್ ನಡುವೆ ಟಿಸಿಪಿ ಕನೆಕ್ಷನ್ ಆಗಬೇಕು. ಆಮೇಲೆ ರಿಕ್ವೆಸ್ಟ್‌ನ ಬೈಟ್‌ಗಳು ಹೋಗಬೇಕು. ಸರ್ವರ್ ಕೆಲಸ ಮಾಡಬೇಕು. ಕೊನೆಗೆ ರೆಸ್ಪಾನ್ಸ್ ಪೂರ್ತಿ ವಾಪಸ್ ಬರಬೇಕು. ಕನೆಕ್ಷನ್ನೇ ಆಗದಿದ್ರೆ ಕೆಲಸ ಖಂಡಿತ ಆಗಿಲ್ಲ. ಪೂರ್ತಿ ರೆಸ್ಪಾನ್ಸ್ ಬಂದ್ರೆ ಏನಾಯ್ತು ಅಂತ ಅದರಲ್ಲೇ ಇರತ್ತೆ. ಇವೆರಡರ ಮಧ್ಯೆ ಎಲ್ಲೇ ಮುರಿದ್ರೂ ಕ್ಲೈಂಟ್‌ಗೆ ಸಿಗೋ ಪ್ರಾಮಾಣಿಕ ಉತ್ತರ ಒಂದೇ: ಗೊತ್ತಿಲ್ಲ.

ನಮ್ಮ ಕೋಡ್‌ನಲ್ಲಿ 'ಆಯ್ತು', 'ಆಗ್ಲಿಲ್ಲ' ಅನ್ನೋ ಎರಡೇ ಉತ್ತರ ಇತ್ತು. 'ಗೊತ್ತಿಲ್ಲ' ಅನ್ನೋದನ್ನ ನಾವು 'ಆಗ್ಲಿಲ್ಲ'ಗೆ ಸೇರಿಸಿಬಿಟ್ಟಿದ್ವಿ. 13 ಕುರ್ಚಿ ಹೋಗಿದ್ದು ಅಲ್ಲೇ.

ಕಿತಾಪತಿ ಸರ್ವರ್

ಇದನ್ನ ಟೆಸ್ಟ್ ಮಾಡೋದು ಹೇಗೆ? ಮೊದಲು ನಾವು ಮಾಡಿದ್ದು ಬಾಲಿಶ ಕೆಲಸ. ಒಬ್ಬ ಬಟನ್ ಒತ್ತೋದು, ಇನ್ನೊಬ್ಬ ಅದೇ ಹೊತ್ತಿಗೆ ವೈಫೈ ಆಫ್ ಮಾಡೋದು. ಒಂದ್ಸಲ ಎರರ್ ಬರತ್ತೆ, ಒಂದ್ಸಲ ಬರಲ್ಲ. ಹೀಗೆ ಕೈಯಲ್ಲಿ ಮಾಡಿದ್ರೆ ಯಾವ ಕ್ಷಣದಲ್ಲಿ ಮುರಿದ್ವಿ ಅಂತ ನಮಗೇ ಗೊತ್ತಾಗಲ್ಲ.

ಸರಿಯಾದ ದಾರಿ ಅಂದ್ರೆ, ಹೇಳಿದ ಕಡೆ, ಹೇಳಿದ ರೀತಿ, ಪ್ರತಿ ಸಲ ಕೈಕೊಡೋ ಒಂದು ಸರ್ವರ್ ಬರೆಯೋದು. ಫ್ಲಾಸ್ಕ್ ಇದಕ್ಕೆ ಆಗಲ್ಲ, ಯಾಕಂದ್ರೆ ಅದು ತುಂಬಾ ಒಳ್ಳೆ ಹುಡುಗ, ಯಾವಾಗಲೂ ನೀಟಾಗಿ ಉತ್ತರ ಕೊಡತ್ತೆ. ಪೈಥಾನ್‌ನ ಸಾಕೆಟ್ ಮಾಡ್ಯೂಲ್ ತಗೊಂಡು ನೇರವಾಗಿ ಬೈಟ್ ಮಟ್ಟದಲ್ಲಿ ಬರೆದ್ವಿ. ಅರವತ್ತು ಸಾಲು ಆಯ್ತು. ಹೆಸರು ಕಿತಾಪತಿ ಸರ್ವರ್.

ಬರೆಯೋರಿಗೆ ಮೂರು ಸಲಹೆ. ಪೋರ್ಟ್ ನಂಬರ್ 0 ಕೊಡಿ, ಆಗ ಖಾಲಿ ಇರೋ ಪೋರ್ಟನ್ನ ಆಪರೇಟಿಂಗ್ ಸಿಸ್ಟಮ್ಮೇ ಕೊಡತ್ತೆ, ಟೆಸ್ಟ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲ್ಲ. ಪ್ರತಿ ಟೆಸ್ಟ್‌ಗೂ ಒಂದು ಕಾಲಮಿತಿ ಇಡಿ, ಇಲ್ಲಾಂದ್ರೆ ಟೆಸ್ಟೇ ನೇತಾಡ್ಕೊಂಡು ಕೂರತ್ತೆ. ಮೂರನೇದು ಮುಖ್ಯ: ಕ್ಲೈಂಟ್ ಯಾವ ಎರರ್ ಕೊಡ್ತು ಅಂತ ಮಾತ್ರ ನೋಡಬೇಡಿ, ಸರ್ವರ್‌ಗೆ ಎಷ್ಟು ರಿಕ್ವೆಸ್ಟ್ ಮುಟ್ಟಿತು ಅಂತಲೂ ಎಣಿಸಿ. ನಮ್ಮ ಬಗ್ ಸಿಕ್ಕಿದ್ದು ಆ ಎಣಿಕೆಯಲ್ಲಿ.

ಇಷ್ಟೆಲ್ಲ ಬರೆಯೋ ಮನಸ್ಸಿಲ್ಲ ಅಂದ್ರೆ ಶಾಪಿಫೈ ಕಂಪನಿಯವರು ಓಪನ್ ಸೋರ್ಸ್ ಆಗಿ ಕೊಟ್ಟಿರೋ ಟಾಕ್ಸಿಪ್ರಾಕ್ಸಿ ಇದೆ. ಕ್ಲೈಂಟ್ ಮತ್ತು ಸರ್ವರ್ ಮಧ್ಯೆ ಕೂತು ತಡ ಮಾಡೋದು, ಇಷ್ಟು ಬೈಟ್ ಆದ ಮೇಲೆ ಕಟ್ ಮಾಡೋದು, ಕನೆಕ್ಷನ್ ರೀಸೆಟ್ ಮಾಡೋದು ಎಲ್ಲ ಅದಕ್ಕೆ ಬರತ್ತೆ.

ಒಂದೊಂದಾಗಿ ಮುರಿದು ನೋಡಿದ್ವಿ

ಮೊದಲು ಡೆಸ್ಕ್‌ನ ಪೈಥಾನ್ ಸ್ಕ್ರಿಪ್ಟ್. ಅದು ಬಳಸ್ತಿದ್ದದ್ದು ನಮಗೆಲ್ಲ ಗೊತ್ತಿರೋ ರಿಕ್ವೆಸ್ಟ್ಸ್ ಲೈಬ್ರರಿ.

*ಪೋರ್ಟ್‌ನಲ್ಲಿ ಯಾರೂ ಇಲ್ಲ.* ಸರ್ವರ್ ಆಫ್ ಮಾಡಿ ಕರೆದ್ವಿ. ತಕ್ಷಣ 'ಕನೆಕ್ಷನ್ ರೆಫ್ಯೂಸ್ಡ್' ಬಂತು. ಇದು ಒಳ್ಳೆ ಎರರ್. ರಿಕ್ವೆಸ್ಟ್ ಮುಟ್ಟಿಲ್ಲ ಅನ್ನೋದು ಖಾತ್ರಿ, ಧೈರ್ಯವಾಗಿ ಮತ್ತೆ ಕಳಿಸಬಹುದು.

*ಪ್ಯಾಕೆಟ್ ನುಂಗೋದು.* ಫೈರ್‌ವಾಲ್‌ನಲ್ಲಿ ಆ ಪೋರ್ಟ್‌ಗೆ ಬರೋ ಪ್ಯಾಕೆಟ್‌ಗಳನ್ನ ಡ್ರಾಪ್ ಮಾಡಿದ್ವಿ. 'ಇಲ್ಲ' ಅನ್ನೋಕೂ ಯಾರೂ ಇಲ್ಲ. ಟೈಮ್‌ಔಟ್ ಕೊಡದೆ ಬಿಟ್ಟಾಗ ನಮ್ಮ ಲಿನಕ್ಸ್ ಲ್ಯಾಪ್‌ಟಾಪ್ ಎರಡು ನಿಮಿಷದಷ್ಟು ಹೊತ್ತು ಕದ ತಟ್ಟಿ ಆಮೇಲೆ ಕೈಬಿಡ್ತು. ಇಲ್ಲೂ ರಿಕ್ವೆಸ್ಟ್ ಹೊರಟೇ ಇಲ್ಲ, ಮತ್ತೆ ಕಳಿಸಿದ್ರೆ ತೊಂದರೆ ಇಲ್ಲ.

*ಮೌನ.* ಸರ್ವರ್ ಕನೆಕ್ಷನ್ ಒಪ್ಪಿಕೊಳ್ಳತ್ತೆ, ರಿಕ್ವೆಸ್ಟ್ ಪೂರ್ತಿ ಓದತ್ತೆ, ಆಮೇಲೆ ಸುಮ್ನೆ ಕೂರತ್ತೆ. ಶುರು ಮಾಡಿ ಮೆಸ್‌ಗೆ ಊಟಕ್ಕೆ ಹೋದ್ವಿ. ವಾಪಸ್ ಬಂದ್ರೂ ಕ್ಲೈಂಟ್ ಕಾಯ್ತಾನೇ ಇತ್ತು. ರಿಕ್ವೆಸ್ಟ್ಸ್ ಲೈಬ್ರರಿಗೆ ನೀವಾಗಿ ಹೇಳದಿದ್ರೆ ಟೈಮ್‌ಔಟ್ ಅನ್ನೋದೇ ಇಲ್ಲ. ಇದು ಅದರ ಡಾಕ್ಯುಮೆಂಟ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ, ನಾವು ಓದಿರಲಿಲ್ಲ.

*ಹನಿ ಹನಿ.* ಸರಿ, 5 ಸೆಕೆಂಡ್ ಟೈಮ್‌ಔಟ್ ಕೊಟ್ವಿ. ಈಗ ಕಿತಾಪತಿ ಸರ್ವರ್ 4 ಸೆಕೆಂಡ್‌ಗೆ ಒಂದು ಬೈಟ್ ಕಳಿಸೋಕೆ ಶುರು ಮಾಡ್ತು. ಟೈಮ್‌ಔಟ್ ಹೊಡೆಯಲೇ ಇಲ್ಲ! ಕಾರಣ, ಆ 5 ಸೆಕೆಂಡ್ ಇಡೀ ರಿಕ್ವೆಸ್ಟ್‌ಗೆ ಅಲ್ಲ, ಒಂದು ಬೈಟ್ ಬಂದ ಮೇಲೆ ಇನ್ನೊಂದು ಬರೋವರೆಗಿನ ಕಾಯುವಿಕೆಗೆ. ಪ್ರತಿ ಬೈಟ್ ಬಂದಾಗಲೂ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಒಟ್ಟು ಇಷ್ಟೇ ಹೊತ್ತು ಅನ್ನೋ ಮಿತಿ ಬೇಕಿದ್ರೆ ಅದನ್ನ ನಾವೇ ಬೇರೆ ಬರೆಯಬೇಕು.

*ಕಟ್.* ಸರ್ವರ್ ರಿಕ್ವೆಸ್ಟ್ ಓದಿ, ಎಣಿಕೆ ಒಂದು ಹೆಚ್ಚಿಸಿ, ಉತ್ತರ ಕೊಡದೆ ಕನೆಕ್ಷನ್ ಮುಚ್ಚತ್ತೆ. ಇದರಲ್ಲಿ ಎರಡು ರೀತಿ ಇದೆ. ಮಾಮೂಲಿ ಕ್ಲೋಸ್ ಮಾಡಿದ್ರೆ ಟಿಸಿಪಿ 'ಫಿನ್' ಕಳಿಸತ್ತೆ, ಅಂದ್ರೆ ಮರ್ಯಾದೆಯಾಗಿ "ನನ್ನದು ಮುಗೀತು" ಅನ್ನೋದು. ಸಾಕೆಟ್‌ನ ಲಿಂಗರ್ ಆಪ್ಷನ್ ಆನ್ ಮಾಡಿ ಸಮಯ 0 ಇಟ್ಟು ಕ್ಲೋಸ್ ಮಾಡಿದ್ರೆ 'ರೀಸೆಟ್' ಹೋಗತ್ತೆ, ಅಂದ್ರೆ ಮುಖದ ಮೇಲೆ ಫೋನ್ ಕುಕ್ಕೋದು. ಎರಡನ್ನೂ ಟೆಸ್ಟ್ ಮಾಡಬೇಕು, ಎರರ್ ಸಂದೇಶ ಬೇರೆ ಬೇರೆ ಬರತ್ತೆ.

ನಮ್ಮ ಬಗ್ ಬಯಲಾಗಿದ್ದು ಇಲ್ಲಿ. ನಾವು 'ಕನೆಕ್ಷನ್ ಎರರ್ ಬಂದ್ರೆ ಮೂರು ಸಲ ಮತ್ತೆ ಕಳಿಸು' ಅಂತ ಬರೆದಿದ್ವಿ. ಆದ್ರೆ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ 'ಕನೆಕ್ಷನ್ ರೆಫ್ಯೂಸ್ಡ್' ಕೂಡ ಕನೆಕ್ಷನ್ ಎರರ್, ಓದಿ ಆದ ಮೇಲೆ ಬರೋ 'ರೀಸೆಟ್' ಕೂಡ ಕನೆಕ್ಷನ್ ಎರರ್. ಒಂದು ಖಂಡಿತ ಮುಟ್ಟಿಲ್ಲ, ಇನ್ನೊಂದು ಮುಟ್ಟಿರಬಹುದು. ಹೆಸರು ಮಾತ್ರ ಒಂದೇ. ಒಂದು ಸಲ ಬುಕ್ ಮಾಡು ಅಂದ್ರೆ ಸರ್ವರ್‌ನ ಎಣಿಕೆ 4 ತೋರಿಸ್ತಿತ್ತು.

ತಮಾಷೆ ಅಂದ್ರೆ, ರಿಕ್ವೆಸ್ಟ್ಸ್‌ನ ಒಳಗಿರೋ ಯುಆರ್‌ಎಲ್‌ಲಿಬ್3 ಲೈಬ್ರರಿಯ ರಿಟ್ರೈ ಸೌಲಭ್ಯಕ್ಕೆ ಈ ವ್ಯತ್ಯಾಸ ಗೊತ್ತು. ಕನೆಕ್ಟ್ ಆಗದೆ ಬಂದ ಎರರ್‌ಗೆ ಅದು ಯಾವ ಮೆಥಡ್ ಆದ್ರೂ ಮತ್ತೆ ಕಳಿಸತ್ತೆ. ಕಳಿಸಿ ಆದ ಮೇಲೆ ಬಂದ ಎರರ್ ಆದ್ರೆ ಪೋಸ್ಟ್ ಮೆಥಡನ್ನ ತಾನಾಗಿ ಮತ್ತೆ ಕಳಿಸಲ್ಲ. ನಾವು ಅದನ್ನ ಬಿಟ್ಟು ಸ್ವಂತ ಬುದ್ಧಿಯಲ್ಲಿ ಲೂಪ್ ಬರೆದಿದ್ವಿ.

*ಅರ್ಧ.* ಸರ್ವರ್ ಹೆಡರ್‌ನಲ್ಲಿ "1000 ಬೈಟ್ ಕೊಡ್ತೀನಿ" ಅಂತ ಕಂಟೆಂಟ್ ಲೆಂಗ್ತ್ ಹೇಳಿ, 400 ಕೊಟ್ಟು ಕಟ್ ಮಾಡತ್ತೆ. ನಮ್ಮಲ್ಲಿ ಇಬ್ಬರ ಲ್ಯಾಪ್‌ಟಾಪ್‌ನಲ್ಲಿ ಎರರ್ ಬಂತು. ಮೂರನೆಯವನ ಹಳೇ ಲ್ಯಾಪ್‌ಟಾಪ್‌ನಲ್ಲಿ 200 ಓಕೆ, 400 ಬೈಟ್, ಎರರ್ ಇಲ್ಲ! ಅರ್ಧ ಗಂಟೆ ತಲೆ ಕೆರ್ಕೊಂಡ ಮೇಲೆ ಕಾರಣ ಸಿಕ್ತು. 2023ರಲ್ಲಿ ಬಂದ ಯುಆರ್‌ಎಲ್‌ಲಿಬ್3ರ 2.0 ಆವೃತ್ತಿಯಿಂದ ಹೇಳಿದಷ್ಟು ಬೈಟ್ ಬಂತಾ ಅಂತ ತಾನಾಗಿ ಪರೀಕ್ಷೆ ಮಾಡತ್ತೆ. ಅದಕ್ಕಿಂತ ಹಳೇದು ನಾವು ಕೇಳದೆ ಮಾಡ್ತಿರಲಿಲ್ಲ. ಬರೋದು ಜೇಸನ್ ಆದ್ರೆ ಅರ್ಧಕ್ಕೆ ನಿಂತಿದ್ದು ಪಾರ್ಸ್ ಮಾಡೋವಾಗ ಸಿಕ್ಕಿಬೀಳತ್ತೆ. ಆದ್ರೆ ಡೆಸ್ಕ್‌ನವರು ಹಾಜರಾತಿಗೆ ಇಳಿಸಿಕೊಳ್ತಿದ್ದದ್ದು ಸಿಎಸ್‌ವಿ ಪಟ್ಟಿ. 60 ಹೆಸರಲ್ಲಿ 24 ಬಂದು ನಿಂತ್ರೆ ಅದೂ ಸರಿಯಾದ ಸಿಎಸ್‌ವಿನೇ. ಉಳಿದ 36 ಜನ ರಿಜಿಸ್ಟರೇ ಆಗಿಲ್ಲ ಅಂತ ಡೆಸ್ಕ್‌ನವರು ಹೇಳಿಬಿಡಬಹುದಿತ್ತು.

ಈಗ ಕ್ಯಾನ್ಸಲ್

ಇಲ್ಲಿವರೆಗೆ ಮುರಿದದ್ದು ಸರ್ವರ್ ಕಡೆಯಿಂದ. ಫೋನಿನ ಪೇಜ್‌ನಲ್ಲಿ ಕೈಬಿಟ್ಟದ್ದು ನಾವೇ. ಜಾವಾಸ್ಕ್ರಿಪ್ಟ್‌ನ ಫೆಚ್‌ಗೆ ಅಬಾರ್ಟ್ ಕಂಟ್ರೋಲರ್ ಸೇರಿಸಿ, 5 ಸೆಕೆಂಡ್ ಆದ್ರೆ ಕ್ಯಾನ್ಸಲ್ ಮಾಡು, 'ವಿಫಲ' ಅಂತ ತೋರಿಸು ಅಂತ ಬರೆದಿದ್ವಿ.

ಟೆಸ್ಟ್ ಸುಲಭ. ಸರ್ವರ್‌ನ ಹ್ಯಾಂಡ್ಲರ್‌ನಲ್ಲಿ 3 ಸೆಕೆಂಡ್ ನಿದ್ದೆ, ಆಮೇಲೆ ಡೇಟಾಬೇಸ್‌ಗೆ ಒಂದು ಸಾಲು. ಬ್ರೌಸರ್‌ನಲ್ಲಿ 1 ಸೆಕೆಂಡ್‌ಗೆ ಅಬಾರ್ಟ್. ಕನ್ಸೋಲ್‌ನಲ್ಲಿ ಅಬಾರ್ಟ್ ಎರರ್ ಬಂತು. ಪಕ್ಕದ ಸ್ಕ್ರೀನ್‌ನಲ್ಲಿ ಡೇಟಾಬೇಸ್ ನೋಡ್ತಾ ಕೂತ್ವಿ. ಎರಡು ಸೆಕೆಂಡ್ ಆದ ಮೇಲೆ ಆ ಸಾಲು ಆರಾಮಾಗಿ ಬಂದು ಕೂತ್ಕೊಳ್ತು. ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಬಾರ್ಟ್ ಅಂದ್ರೆ 'ಮಾಡಿದ್ದನ್ನ ರದ್ದು ಮಾಡು' ಅಂತ ಅಲ್ಲ, 'ನಾನು ಇನ್ನು ಕಾಯಲ್ಲ' ಅಂತ ಅಷ್ಟೇ. ಎಚ್‌ಟಿಟಿಪಿ 1.1ರಲ್ಲಿ ಕ್ಯಾನ್ಸಲ್ ಅನ್ನೋ ಸಂದೇಶವೇ ಇಲ್ಲ, ಕನೆಕ್ಷನ್ ಮುಚ್ಚೋದೊಂದೇ ದಾರಿ. ಎಚ್‌ಟಿಟಿಪಿ 2ರಲ್ಲಿ ಒಂದೇ ಕನೆಕ್ಷನ್‌ನಲ್ಲಿ ಹಲವು ರಿಕ್ವೆಸ್ಟ್ ಹೋಗೋದರಿಂದ, ಒಂದನ್ನ ಮಾತ್ರ ನಿಲ್ಲಿಸೋಕೆ ರೀಸೆಟ್ ಸ್ಟ್ರೀಮ್ ಅನ್ನೋ ಫ್ರೇಮ್ ಇದೆ. ಅದು ಬಂದ್ರೂ ಅಷ್ಟರಲ್ಲಿ ನಡೆದ ಕೆಲಸ ವಾಪಸ್ ಆಗಲ್ಲ. ಎಂಜಿನ್‌ಎಕ್ಸ್ ಸರ್ವರ್‌ನ ಲಾಗ್‌ನಲ್ಲಿ 499 ಅನ್ನೋ ಕೋಡ್ ಕಂಡ್ರೆ ಅದು ಇದೇ: ಉತ್ತರ ಕೊಡೋ ಮೊದಲೇ ಕ್ಲೈಂಟ್ ಎದ್ದು ಹೋಗಿದೆ.

ನಮ್ಮದರಲ್ಲಿ ಇನ್ನೂ ಒಂದು ಎಡವಟ್ಟಿತ್ತು. ಹ್ಯಾಂಡ್ಲರ್ ಮೊದಲು ಸೀಟ್ ಬರೀತಿತ್ತು, ಆಮೇಲೆ ಕನ್ಫರ್ಮೇಷನ್ ಮೇಲ್ ಕಳಿಸ್ತಿತ್ತು, ಮೇಲ್ ಹೋದ ಮೇಲೆ ಉತ್ತರ ಕೊಡ್ತಿತ್ತು. ರಶ್‌ನಲ್ಲಿ ಮೇಲ್‌ಗೇ ಆರೇಳು ಸೆಕೆಂಡ್. ಅಂದ್ರೆ ಟೈಮ್‌ಔಟ್ ಆಗ್ತಿದ್ದದ್ದು ಹೆಚ್ಚಾಗಿ ಸೀಟ್ ಬುಕ್ ಆದ ಮೇಲೆ. ಮೇಲ್ ಹೋಗಿತ್ತಲ್ಲ ಅಂತೀರಾ? ಕಾಲೇಜ್ ಮೇಲ್ ಯಾರು ನೋಡ್ತಾರೆ ಹೇಳಿ.

ಕ್ಯಾನ್ಸಲ್ ಆದ ಕನೆಕ್ಷನ್‌ನಲ್ಲಿ ಉಳಿದದ್ದು

ಕ್ಯಾನ್ಸಲ್‌ನ ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹೆಚ್ಚಿನ ಕ್ಲೈಂಟ್‌ಗಳು ಪ್ರತಿ ಸಲ ಹೊಸ ಕನೆಕ್ಷನ್ ಮಾಡಲ್ಲ, ಹಳೇದನ್ನ ಪೂಲ್‌ನಲ್ಲಿ ಇಟ್ಟು ಮತ್ತೆ ಬಳಸತ್ತೆ. ರಿಕ್ವೆಸ್ಟ್ ಹೋದ ಮೇಲೆ, ಉತ್ತರ ಓದೋ ಮೊದಲು ಕ್ಯಾನ್ಸಲ್ ಆಗಿ, ಆ ಕನೆಕ್ಷನ್ ಹಾಗೇ ಪೂಲ್‌ಗೆ ವಾಪಸ್ ಹೋದ್ರೆ? ಮುಂದೆ ಅದನ್ನ ತಗೊಂಡವರಿಗೆ ಹಿಂದಿನವರ ಉತ್ತರ ಸಿಗತ್ತೆ.

ಇದು ನಿಜವಾಗಿ ಆಗಿದೆ. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯನ್ನ ಕೆಲ ಗಂಟೆ ನಿಲ್ಲಿಸಿದ್ದರು. ಕೆಲವರಿಗೆ ಬೇರೆಯವರ ಚಾಟ್‌ಗಳ ಶೀರ್ಷಿಕೆಗಳು ಕಾಣಿಸಿದ್ದವು. ಓಪನ್‌ಎಐ ಆಮೇಲೆ ಕೊಟ್ಟ ವಿವರಣೆ ಪ್ರಕಾರ ಕಾರಣ ರೆಡಿಸ್-ಪೈ ಅನ್ನೋ ಲೈಬ್ರರಿಯ ಬಗ್: ಕ್ಯಾನ್ಸಲ್ ಆದ ರಿಕ್ವೆಸ್ಟ್‌ನ ಉತ್ತರ ಕನೆಕ್ಷನ್‌ನಲ್ಲೇ ಉಳಿದು, ಮುಂದಿನ ಸಂಬಂಧವಿಲ್ಲದ ರಿಕ್ವೆಸ್ಟ್‌ಗೆ ಹೋಗ್ತಿತ್ತು. ಒಂಬತ್ತು ಗಂಟೆಯ ಒಂದು ಅವಧಿಯಲ್ಲಿ ಸಕ್ರಿಯರಾಗಿದ್ದ ಪ್ಲಸ್ ಚಂದಾದಾರರಲ್ಲಿ 1.2% ಜನರ ಪೇಮೆಂಟ್ ಸಂಬಂಧಿ ಮಾಹಿತಿಯೂ ಬೇರೆಯವರಿಗೆ ಕಂಡಿರಬಹುದು ಅಂತ ಅವರೇ ಹೇಳಿದ್ದಾರೆ. ಅಲ್ಲಿದ್ದದ್ದು ಎಚ್‌ಟಿಟಿಪಿ ಅಲ್ಲ, ರೆಡಿಸ್. ಆದ್ರೆ ಪೂಲ್ ಇರೋ ಎಲ್ಲ ಕ್ಲೈಂಟ್‌ಗೂ ಪಾಠ ಒಂದೇ.

ಇದರ ಟೆಸ್ಟ್ ಹೀಗೆ: ಪ್ರತಿ ರಿಕ್ವೆಸ್ಟ್‌ಗೂ ಒಂದು ನಂಬರ್ ಕೊಡಿ, ಸರ್ವರ್ ಅದನ್ನೇ ವಾಪಸ್ ಹೇಳಲಿ. ಒಂದನೇದನ್ನ ಬೇರೆ ಬೇರೆ ಕ್ಷಣಗಳಲ್ಲಿ ಕ್ಯಾನ್ಸಲ್ ಮಾಡಿ, ತಕ್ಷಣ ಎರಡನೇದು ಕಳಿಸಿ, ಬಂದ ನಂಬರ್ ಎರಡೇನಾ ನೋಡಿ. ಇದನ್ನ ಲೂಪ್‌ನಲ್ಲಿ ಸಾವಿರ ಸಲ ಓಡಿಸಿ. ನಮ್ಮ ಕ್ಲೈಂಟ್‌ಗಳು ಇದರಲ್ಲಿ ಪಾಸ್ ಆದವು. ಕೊನೆಗೂ ಒಂದರಲ್ಲಿ!

ಸರಿ ಮಾಡಿದ್ದು ಹೇಗೆ?

ಲಿಫ್ಟ್ ಬಟನ್ ಒಂದು ಸಲ ಒತ್ತಿದ್ರೂ ಹತ್ತು ಸಲ ಒತ್ತಿದ್ರೂ ಲಿಫ್ಟ್ ಬರೋದು ಒಂದೇ ಸಲ. ಇಂಥ ಕೆಲಸಕ್ಕೆ ಐಡೆಂಪೊಟೆಂಟ್ ಅಂತಾರೆ. ಎಚ್‌ಟಿಟಿಪಿಯಲ್ಲಿ ಗೆಟ್, ಪುಟ್, ಡಿಲೀಟ್ ಮೆಥಡ್‌ಗಳು ಹೀಗಿರಬೇಕು ಅಂತ ನಿಯಮ. ಪೋಸ್ಟ್‌ಗೆ ಆ ಭರವಸೆ ಇಲ್ಲ. ಹಾಗಾಗಿ 'ಗೊತ್ತಿಲ್ಲ' ಅನ್ನೋ ಪರಿಸ್ಥಿತಿಯಲ್ಲಿ ಗೆಟ್ ಅನ್ನ ಮತ್ತೆ ಕಳಿಸಬಹುದು, ಪೋಸ್ಟನ್ನ ಕಣ್ಮುಚ್ಚಿ ಕಳಿಸೋ ಹಾಗಿಲ್ಲ.

ಪೋಸ್ಟನ್ನೂ ಲಿಫ್ಟ್ ಬಟನ್ ಥರ ಮಾಡೋಕೆ ಐಡೆಂಪೊಟೆನ್ಸಿ ಕೀ ಬಳಸ್ತಾರೆ. ಸ್ಟ್ರೈಪ್‌ನಂಥ ಪೇಮೆಂಟ್ ಕಂಪನಿಗಳ ಎಪಿಐನಲ್ಲಿ ಇದು ಇದೆ. ಕ್ಲೈಂಟ್ ಒಂದು ರ‍್ಯಾಂಡಮ್ ಕೀ ಮಾಡಿ ರಿಕ್ವೆಸ್ಟ್ ಜೊತೆ ಕಳಿಸತ್ತೆ. ಅದೇ ಕೀ ಮತ್ತೆ ಬಂದ್ರೆ ಸರ್ವರ್ ಹೊಸದಾಗಿ ಬುಕ್ ಮಾಡದೆ ಹಳೇ ಉತ್ತರವನ್ನೇ ಕೊಡತ್ತೆ. ನಾವು ಮೊದಲ ಪ್ರಯತ್ನದಲ್ಲಿ ಕೀ ಮಾಡೋ ಸಾಲನ್ನ ರಿಟ್ರೈ ಲೂಪ್ ಒಳಗೆ ಬರೆದಿದ್ವಿ, ಪ್ರತಿ ಸಲ ಹೊಸ ಕೀ! ಕಿತಾಪತಿ ಸರ್ವರ್‌ನ ಎಣಿಕೆ ಮತ್ತೆ 4 ತೋರಿಸಿ ಹಿಡಿದುಕೊಡ್ತು. ಕೀ ಹುಟ್ಟಬೇಕಾದ್ದು ಫಾರ್ಮ್ ತೆರೆದಾಗ, ಕಳಿಸೋವಾಗ ಅಲ್ಲ.

"ಯುಎಸ್ಎನ್‌ಗೆ ಯುನೀಕ್ ಅಂತ ಹಾಕಿದ್ರೆ ಮುಗೀತಿತ್ತಲ್ವಾ?" ಅಂತ ನಮ್ಮ ಡಿಬಿಎಂಎಸ್ ಮೇಡಂ ಕೇಳಿದ್ರು. ಹೌದು, ಸೀಟ್‌ಗೆ ಅದು ಸಾಕಿತ್ತು, ಈಗ ಅದನ್ನೂ ಹಾಕಿದ್ದೀವಿ. ಆದ್ರೆ ಒಬ್ಬ ನಿಜವಾಗಿಯೂ ಎರಡು ಟಿ-ಶರ್ಟ್ ತಗೋಬಹುದಾದ ಕಡೆ ಅದು ನಡೆಯಲ್ಲ. ಅಲ್ಲಿ ಕೀ ಬೇಕು.

ಉಳಿದ ಬದಲಾವಣೆಗಳು ಚಿಕ್ಕವು. ಮೇಲ್ ಕಳಿಸೋದು ಉತ್ತರ ಕೊಟ್ಟ ಮೇಲೆ, ಬೇರೆ ಕಡೆ. ರಿಟ್ರೈ ಮಧ್ಯೆ 1, 2, 4 ಸೆಕೆಂಡ್ ಅಂತ ಹೆಚ್ಚಿಸ್ತಾ, ಸ್ವಲ್ಪ ರ‍್ಯಾಂಡಮ್ ಸೇರಿಸಿ ಕಾಯೋದು, ಇಲ್ಲಾಂದ್ರೆ ಎಲ್ಲ ಫೋನೂ ಒಟ್ಟಿಗೆ ಬಂದು ಸರ್ವರ್ ಮೇಲೆ ಬೀಳತ್ತೆ. ಟೈಮ್‌ಔಟ್ ಆದ್ರೆ ಪೇಜ್ ಈಗ 'ವಿಫಲ' ಅನ್ನಲ್ಲ. "ನಿಮ್ಮ ಸೀಟ್ ಆಯ್ತಾ ಅಂತ ನೋಡ್ತಿದ್ದೀವಿ" ಅಂತ ಹೇಳಿ, ಅದೇ ಕೀ ಕೊಟ್ಟು ಸರ್ವರ್‌ನ ಕೇಳತ್ತೆ. ಯುಪಿಐನಲ್ಲಿ 'ಪೆಂಡಿಂಗ್' ಅಂತ ಬಂದಾಗ ನಾವೆಲ್ಲ ಬೈಕೊಳ್ತೀವಲ್ಲ, ಆ ಪದ ಎಷ್ಟು ಪ್ರಾಮಾಣಿಕ ಅಂತ ಈಗ ಅರ್ಥ ಆಯ್ತು.

ನಿಮ್ಮ ಪ್ರಾಜೆಕ್ಟ್‌ಗೆ

ಮಿನಿ ಪ್ರಾಜೆಕ್ಟ್ ಡೆಮೊಗೆ ಮುಂಚೆ ಈ ಐದನ್ನ ಕೇಳ್ಕೊಳ್ಳಿ:

1. ಎಲ್ಲ ರಿಕ್ವೆಸ್ಟ್‌ಗೂ ಟೈಮ್‌ಔಟ್ ಇದೆಯಾ? ಒಟ್ಟು ಸಮಯಕ್ಕೂ ಮಿತಿ ಇದೆಯಾ?
2. 'ಮುಟ್ಟಿಲ್ಲ' ಮತ್ತು 'ಮುಟ್ಟಿರಬಹುದು' ಅನ್ನೋ ಎರರ್‌ಗಳನ್ನ ಕೋಡ್ ಬೇರೆ ಬೇರೆಯಾಗಿ ನೋಡತ್ತಾ?
3. ಅರ್ಧ ಬಂದ ಉತ್ತರವನ್ನ ಪೂರ್ತಿ ಅಂತ ನಂಬತ್ತಾ?
4. ಕ್ಯಾನ್ಸಲ್ ಆದ ಮೇಲೆ ಸರ್ವರ್‌ನಲ್ಲಿ ಏನಾಯ್ತು ಅಂತ ನೋಡಿದ್ದೀರಾ? ಮುಂದಿನ ರಿಕ್ವೆಸ್ಟ್‌ಗೆ ಸರಿಯಾದ ಉತ್ತರ ಬಂತಾ?
5. ಬಳಕೆದಾರರಿಗೆ 'ಗೊತ್ತಿಲ್ಲ' ಅಂತ ಹೇಳೋ ಒಂದು ಸಂದೇಶ ಇದೆಯಾ?

ಈ ಸೆಮಿಸ್ಟರ್‌ನ ಕ್ವಿಜ್‌ಗೆ ಅದೇ ಆ್ಯಪ್ ಬಳಸಿದ್ವಿ. ವೈಫೈ ಹಾಗೇ ಇದೆ. ಒಂದೇ ಕೀ ಎರಡನೇ ಸಲ ಬಂದದ್ದು ಲಾಗ್‌ನಲ್ಲಿ 22 ಕಡೆ ಇತ್ತು. ಡೇಟಾಬೇಸ್‌ನಲ್ಲಿ ಡಬಲ್ ಸಾಲು ಒಂದೂ ಇರಲಿಲ್ಲ.

ಆ ಫಸ್ಟ್ ಇಯರ್ ಹುಡುಗಿಯನ್ನ ಹುಡುಕಿ ಸಾರಿ ಕೇಳಿದ್ವಿ, ಮುಂದಿನ ವರ್ಕ್‌ಶಾಪ್‌ಗೆ ಅವಳ ಹೆಸರು ಮೊದಲೇ ಬರೀತೀವಿ ಅಂದ್ವಿ. "ಮತ್ತೆ ನಿಮ್ಮದೇ ಆ್ಯಪಾ?" ಅಂತ ಕೇಳಿದಳು. ಹೌದು ಅಂದ್ವಿ. "ಹಾಗಾದ್ರೆ ಪೇಪರ್‌ನಲ್ಲೂ ಬರ್ಕೊಳ್ಳಿ ಅಣ್ಣಾ" ಅಂದಳು. ಬರ್ಕೊಂಡಿದ್ದೀವಿ.

ಕಿತಾಪತಿ ಸರ್ವರ್‌ನ ಕೋಡ್ ಬೇಕಿದ್ದೋರು ಶನಿವಾರ ಮಧ್ಯಾಹ್ನ ಕ್ಲಬ್ ರೂಮ್‌ಗೆ ಬನ್ನಿ. ನಿಮ್ಮ ಕ್ಲೈಂಟನ್ನೂ ತನ್ನಿ, ಒಟ್ಟಿಗೆ ಮುರಿದು ನೋಡೋಣ.